ಆ ಕಾಲು ಯಾರ ಲೆಕ್ಕಕ್ಕೆ

ಮೇಡಂ ಒಳಗೆ ಬಂದಾಗ ನಾನು ಕೂಸಿನ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ ಹಳೆಯ ಪ್ಲಾಸ್ಟರ್ ಬಿಚ್ಚುತ್ತಿದ್ದೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಕ್ಕಳಿಗೆ ವಾರ ವಾರ ಹೊಸ ಪ್ಲಾಸ್ಟರ್ ಕಟ್ಟಿ ನೆಟ್ಟಗೆ ಮಾಡುವುದು ನನ್ನ ಕೆಲಸ. ನೆಟ್ಟಗಾದ ಮೇಲೂ ವರ್ಷಗಟ್ಟಲೆ ವಿಶೇಷ ಶೂ ಹಾಕಿಸಿ ಮಲಗಿಸಬೇಕು. ನಡುವೆ ಬಿಟ್ಟಿರೋ, ಪಾದ ಮತ್ತೆ ಸೊಟ್ಟ. ಇದಕ್ಕೆಲ್ಲ ದುಡ್ಡು ಕೊಡುವವರು ಟೈಲ್ಸ್ ಕಾರ್ಖಾನೆಯ ಯಜಮಾನರು. ಅದನ್ನು ನಮ್ಮಂಥವರಿಗೆ ಹಂಚುವುದು ಮೇಡಂ ಕೆಲಸ ಮಾಡುವ ಟ್ರಸ್ಟು.

ಕಪಾಟಿನಲ್ಲಿ ಪ್ಲಾಸ್ಟರಿನ ಒಂದು ಸುರುಳಿಯೂ ಇರಲಿಲ್ಲ. ಮೇಡಂ ತರುತ್ತಾರೆಂದೇ ಬಿಚ್ಚಲು ಕೂತಿದ್ದೆ. ಅವರು ಬರಿಗೈಯಲ್ಲಿ ಬಂದಿದ್ದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ದುಡ್ಡು ಬರಲ್ಲ. ಈ ಊರಲ್ಲಿ ಕೆಲಸ ಮುಗೀತಂತೆ."

"ಮುಗೀತಾ? ಹೊರಗೆ ಬೆಂಚಿನ ಮೇಲೆ ಮಕ್ಕಳನ್ನ ಎತ್ಕೊಂಡು ಕೂತಿರೋರೆಲ್ಲ ಸಿನಿಮಾ ನೋಡೋಕೆ ಬಂದಿದಾರಾ?"

ಆಗಿದ್ದಿಷ್ಟು. ಹೋದ ವರ್ಷ ಇಲ್ಲಿ ನೂರು ಮಕ್ಕಳ ಕಾಲು ಸರಿಹೋಗಿತ್ತು. ಗೆದ್ದೆತ್ತಿನ ಬಾಲ ಹಿಡಿಯಲು ಯಾರಿಗೆ ಆಸೆಯಿಲ್ಲ? ದುಡ್ಡು ನನ್ನದು, ನೂರೂ ನನ್ನವು ಎಂದರು ಯಜಮಾನರು. ಕೆಲಸದವರನ್ನು ಹುಡುಕಿದ್ದು ನಾವು, ನೂರೂ ನಮ್ಮವು ಎಂದಿತು ಟ್ರಸ್ಟು. ಒಂದೊಂದು ಕಾಲನ್ನೂ ತೊಡೆಯ ಮೇಲಿಟ್ಟು ತಿದ್ದಿದವಳು ನಾನು, ನಾನೂ ನೂರೆಂದೆ. ಪಾಲು ಮಾಡೋಣವೆಂದು ಸಭೆ ಕರೆದರೆ ಒಬ್ಬರೂ ಒಂದು ಕಿರುಬೆರಳನ್ನೂ ಬಿಟ್ಟುಕೊಡಲಿಲ್ಲ. ಊರೂರಿನ ಲೆಕ್ಕ ನೋಡುವ ಮೇಲಿನ ಆಫೀಸಿನವರು ಮೂರನ್ನೂ ಕೂಡಿ ಮುನ್ನೂರು ಮಾಡಿದರು. ಈ ಊರಲ್ಲಿ ಅಷ್ಟು ಸೊಟ್ಟ ಕಾಲುಗಳು ಹುಟ್ಟುವುದೇ ಇಲ್ಲ! ಹಾಗಾಗಿ ಇನ್ನು ತಿದ್ದಲು ಒಂದೂ ಉಳಿದಿಲ್ಲವೆಂದು ಬರೆದುಬಿಟ್ಟರು.

"ತಪ್ಪಾಗಿದೆ ಅಂತ ಹೇಳಿ ಮೇಡಂ."

"ಯಾರ ನೂರನ್ನ ತೆಗೀಲಿ? ಯಜಮಾನ್ರು ಒಪ್ಪಲ್ಲ. ನಮ್ಮ ದೊಡ್ಡವರು ಮೊದಲೇ ಒಪ್ಪಲ್ಲ."

"ನನ್ನದು ತೆಗೀರಿ. ಪೂರ್ತಿ ತೆಗೀರಿ. ಇವಳು ಒಂದು ಕಾಲನ್ನೂ ಮುಟ್ಟಿಲ್ಲ ಅಂತ ಬರ್ಕೊಳ್ಳಿ."

"ಆಗಲೂ ಇನ್ನೂರು ಉಳಿಯುತ್ತಲ್ಲಕ್ಕ."

ಒದ್ದೆ ಕೈಯಲ್ಲೇ ಅವರ ಕೈ ಹಿಡಿದುಕೊಂಡು ಅತ್ತು, ಮಾನ ಮರ್ಯಾದೆ ಬಿಟ್ಟು ಬೇಡಿಕೊಂಡೆ. ನನ್ನ ಕೈಯಿಂದ ದುಡ್ಡು ಹಾಕಿದರೆ ಎರಡು ವಾರ ತಳ್ಳಬಹುದು. ಆಮೇಲೆ ಶೂಗಳನ್ನು ಎಲ್ಲಿಂದ ತರಲಿ? ಮೇಡಂ ಕಣ್ಣಲ್ಲೂ ನೀರಿತ್ತು. ನೀರು ಯಾರಿಗೆ ಬೇಕಿತ್ತು?

ಅಷ್ಟರಲ್ಲಿ ನಲ್ಲಿಯ ಹತ್ತಿರ ಬಟ್ಟೆ ಜಾಲಿಸಲು ಹೋಗಿದ್ದ ಕೂಸಿನ ತಾಯಿ ಒಳಗೆ ಬಂದಳು. ನಮ್ಮ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಪ್ಲಾಸ್ಟರ್ ಇಲ್ಲದ ಪುಟ್ಟ ಪಾದ ಕಂಡದ್ದೇ ತಡ, "ಅಯ್ಯೋ ನನ್ನ ಚಿನ್ನ! ನೆಟ್ಟಗಾಗೋಯ್ತಲ್ಲಕ್ಕ!" ಎಂದು ಅದಕ್ಕೆ ಮುತ್ತಿಟ್ಟಳು. ಆ ಪಾದಕ್ಕೆ ಇನ್ನೂ ಅರ್ಧ ದಾರಿಯಿತ್ತು. ನಾನು ಅದರ ಒದ್ದೆಯನ್ನು ಬಟ್ಟೆಯಿಂದ ಒರೆಸಿದೆ.

ಮೇಡಂ ಕಣ್ಣೊರೆಸಿಕೊಂಡು ಫೋನ್ ತೆಗೆದರು. "ಅಕ್ಕ," ಎಂದರು ನನ್ನ ಕಿವಿಯ ಹತ್ತಿರ, "ಇವತ್ತು ನೆಟ್ಟಗಿದೆಯಲ್ಲ, ಒಂದು ಫೋಟೊ ತಗೊಂಡ್ಬಿಡ್ತೀನಿ. ಈ ವರ್ಷದ ಲೆಕ್ಕಕ್ಕೆ ಸೇರುತ್ತೆ."

ತಾಯಿ ಕೂಸಿನ ಅಂಗಿ ಸರಿಮಾಡಿ, ಕಾಲನ್ನು ಫೋನಿನ ಕಡೆ ಎತ್ತಿ ಹಿಡಿದಳು.

"ನಗು ಕಂದಾ, ನಗು," ಎಂದಳು ಮೇಡಂ ಕಡೆ ತೋರಿಸಿ. "ನಿಂಗೆ ಕಾಲು ಕೊಟ್ಟೋರು ಇವರೇ."