ಬಣ್ಣ ಆರದ ಡೇರೆ

ಡೇರೆ ಹಾಳಾಗಿರಬಹುದೆಂದು ಅವಳಿಗೆ ಭಯವಿರಲಿಲ್ಲ. ಹಾಳಾಗದೆ ಉಳಿದುಬಿಟ್ಟಿದ್ದರೆ ಏನು ಗತಿ ಎಂಬುದೇ ಅವಳ ಭಯ. ಬೆಳಿಗ್ಗೆ ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇರುವಾಗಲೇ, ಕನ್ನಡಿಯೊಳಗಿನ ತನ್ನ ಮುಖಕ್ಕೆ ಇದನ್ನು ಒಪ್ಪಿಸಿದಳು. ದಿನಚರಿಯಲ್ಲಿ ಇರುವೆ ಸಾಲಿನಿಂದ ಹಿಡಿದು ಎದುರುಮನೆ ಬೆಕ್ಕಿನ ಕೆಮ್ಮಿನವರೆಗೆ ಎಲ್ಲವನ್ನೂ ಬರೆಯುವವಳು ಎರಡು ದಿನದಿಂದ ಇದೊಂದನ್ನು ಮಾತ್ರ ಬರೆದಿರಲಿಲ್ಲ. ಬರೆದರೆ ಓದುವವರಿದ್ದಾರೆ ಎಂಬುದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಡಿಗ್ರಿ ಮುಗಿದು ಮೂರು ವರ್ಷವಾಗಿತ್ತು. ಹಾಕಿದ ಅರ್ಜಿಗಳಲ್ಲಿ ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಎರಡೂ ಕಡೆ ಇವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರ ಸಮಯ ಮುಗಿದಿತ್ತು. ಆಮೇಲೆ ಅಪ್ಪ ಬಿಟ್ಟುಹೋದ ಡೇರೆ ಹೊಲಿಯುವ ಕಾರ್ಖಾನೆಯಲ್ಲೇ ಉಳಿದಳು. ಕಾರ್ಖಾನೆಯೆಂದರೆ ಉದ್ದನೆಯದೊಂದು ಕೋಣೆ, ಎರಡು ಹೊಲಿಗೆ ಯಂತ್ರ, ಅವುಗಳ ಹಿಂದೆ ಇಬ್ಬರು ಹೆಂಗಸರು, ನಡುವೆ ಬಟ್ಟೆ ಕತ್ತರಿಸುವ ಮೇಜು, ತುದಿಯಲ್ಲಿ ಗಾಜಿನ ಬಾಗಿಲಿನ ಪುಟ್ಟ ಆಫೀಸು. ಆಫೀಸಿನಲ್ಲಿ ಅಕ್ಕ. ಮೇಜಿನ ಬಳಿ ಕತ್ತರಿ ಮೇಷ್ಟ್ರು. ಅಪ್ಪನ ಕಾಲದಿಂದ ಬಟ್ಟೆ ಕತ್ತರಿಸುತ್ತಿದ್ದವರು, ನೀರು ಒಳಗಿಳಿಯದಂತೆ ಅದಕ್ಕೆ ಮೇಣ ಹಿಡಿಸುತ್ತಿದ್ದವರು ಅವರೇ. ಇವಳ ಕೆಲಸ ಡೇರೆಯ ಅಂಚಿಗೆ ಹಗ್ಗ ತೂರಿಸುವ ಹಿತ್ತಾಳೆ ಬಳೆ ಕೂರಿಸುವುದು. ಅದು ಹೆಸರಿಗೆ ಮಾತ್ರ.

ನಿಜವಾದ ಕೆಲಸ ಬೇರೆಯಿತ್ತು. ಅಕ್ಕನಿಗೂ ಮೇಷ್ಟ್ರಿಗೂ ಮಾತು ನಿಂತು ಮೂರು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಹೊಸತರಲ್ಲಿ ಗಿರಾಕಿಯೊಬ್ಬರ ಎದುರಿಗೇ ಮೇಷ್ಟ್ರು ಕತ್ತರಿಸಿದ ಬಟ್ಟೆಯ ಮೇಲೆ ಅಕ್ಕ ಅಳತೆ ಟೇಪು ಹಿಡಿದಿದ್ದಳು. ನಿಮ್ಮಪ್ಪ ಒಂದು ದಿನವೂ ಹೀಗೆ ಮಾಡಿದವರಲ್ಲ ಎಂದರು ಮೇಷ್ಟ್ರು. ಅಪ್ಪನ ಕಾಲದಲ್ಲಿ ನಿಮ್ಮ ಕಣ್ಣಿಗೆ ಪೊರೆ ಬಂದಿರಲಿಲ್ಲ ಎಂದಳು ಅಕ್ಕ. ಪೊರೆ ಬಂದದ್ದು ನಿಜ, ಅದಕ್ಕೇ ಮಾತು ನಾಟಿತು. ಮೇಷ್ಟ್ರು ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡು ಬಂದರು. ಕಣ್ಣು ತಿಳಿಯಾಯಿತು, ಮನಸ್ಸು ಆಗಲಿಲ್ಲ. ಅವರನ್ನು ಬಿಟ್ಟರೆ ಮೇಣದ ಹದ ಬಲ್ಲವರಿಲ್ಲ, ಅಕ್ಕನನ್ನು ಬಿಟ್ಟರೆ ಆ ವಯಸ್ಸಿನಲ್ಲಿ ಅವರಿಗೆ ಕೆಲಸ ಕೊಡುವವರಿಲ್ಲ. ಹೀಗಾಗಿ ಇಬ್ಬರೂ ಒಂದೇ ಸೂರಿನಡಿ, ಹದಿನೈದು ಹೆಜ್ಜೆ ದೂರದಲ್ಲಿ, ಒಬ್ಬರಿಗೊಬ್ಬರು ಗೋಡೆಯಾಗಿ ಕೆಲಸ ಮಾಡುತ್ತಿದ್ದರು. ಆ ಹದಿನೈದು ಹೆಜ್ಜೆಯನ್ನು ದಿನಕ್ಕೆ ನಲವತ್ತು ಸಲ ನಡೆಯುವುದು ತಂಗಿಯ ಪಾಲಿಗೆ ಬಂದಿತ್ತು.

ಅಕ್ಕ ಅವಳಿಗಿಟ್ಟ ಹೆಸರು ಮುಟ್ಟಿದರೆ ಮುನಿ. ಗಿರಾಕಿಗಳ ಮುಂದೆ ಹಾಗೇ ಕರೆಯುತ್ತಿದ್ದಳು. ನಮ್ಮನೆ ಗೋಡೆ ತಟ್ಟಿದರೆ ಅದಾದರೂ ಸದ್ದು ಮಾಡುತ್ತದೆ, ಇವಳು ಅದೂ ಇಲ್ಲ ಎನ್ನುವುದು ಅವಳ ಮಾಮೂಲು ತಮಾಷೆ. ಮೂಗಿಯ ಕೈಗೆ ಡಂಗುರ ಕೊಟ್ಟ ಹಾಗಾಯಿತು ಎಂದು ಹೊಲಿಗೆಯ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಆದರೆ ಡಂಗುರದವಳು ಕೆಲಸ ಬಲ್ಲವಳಾಗಿದ್ದಳು. ಸೂಜಿ ಹಿಡಿಯೋಕೆ ಬರದ ಮಹಾರಾಣಿಗೆ ನೂಲು ತರಿಸೋಕಾದರೂ ಬರುತ್ತಾ ಕೇಳು ಎಂದು ಮೇಷ್ಟ್ರು ಹೇಳಿದರೆ, ಗಾಜಿನ ಬಾಗಿಲ ಒಳಗೆ ಅದು, ನೂಲು ಮುಗಿದಿದೆಯಂತೆ ಎಂದಾಗುತ್ತಿತ್ತು. ಆ ಮುದಿ ಗೂಬೆಗೆ ಇನ್ನೂ ಎಷ್ಟು ಹೊತ್ತು ಬೇಕಂತೆ ಎಂದು ಅಕ್ಕ ಕೇಳಿದರೆ, ಮೇಜಿನ ಬಳಿ ಅದು, ನಿಧಾನವಾಗಿ ಮಾಡಿ ಅಂದಳು ಎಂದಾಗುತ್ತಿತ್ತು. ಅವಳು ಜರಡಿ. ಹಿಟ್ಟು ಆ ಕಡೆಗೆ ಹೋಗುತ್ತಿತ್ತು, ಹೊಟ್ಟು ಅವಳಲ್ಲೇ ಉಳಿಯುತ್ತಿತ್ತು. ಉಳಿದ ಹೊಟ್ಟನ್ನು ದಿನಚರಿಗೆ ಸುರಿಯುತ್ತಿದ್ದಳು.

ಆ ದಿನಚರಿಯನ್ನೇ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಕ್ಕ ಅವಳ ಚೀಲದಿಂದ ಎಳೆದು ಎಲ್ಲರೆದುರು ಓದಿದಳು. ಪುಣ್ಯಕ್ಕೆ ಬೈಗುಳದ ಪುಟ ಸಿಗಲಿಲ್ಲ. ಸಿಕ್ಕದ್ದು ಅದಕ್ಕಿಂತ ಕೆಟ್ಟದ್ದು. ಡೇರೆಯೊಳಗೆ ಮಲಗಿ ನೋಡಿದರೆ ಆಕಾಶವೆಲ್ಲ ಹಳೆ ಬನಿಯನ್ನಿನ ಬಣ್ಣ ಎಂದು ಅವಳು ಬರೆದಿದ್ದಳು. ಚಾವಣಿಗೆ ತೆಳುವಾಗಿ ಹಸಿರು, ನೀಲಿ, ಹಳದಿ ಹಚ್ಚಿದರೆ ಬಿಸಿಲು ಬಣ್ಣ ಹೊತ್ತು ಒಳಗಿಳಿಯುತ್ತದೆ, ಆಗ ಯಾರ ಕಣ್ಣಿಗೂ ಬೀಳದ ನನ್ನ ಮುಖಕ್ಕೂ ಒಂದು ಬಣ್ಣ ಬಂದೀತು ಎಂದು ಬರೆದಿದ್ದಳು.

"ಪೌಡರ್ ಹಚ್ಕೊಳ್ಳೇ, ಅದಕ್ಕೆ ಡೇರೆ ಯಾಕೆ" ಎಂದಳು ಅಕ್ಕ.

ಹೆಂಗಸರು ಅನ್ನ ನೆತ್ತಿಗೇರುವಂತೆ ನಕ್ಕರು. ಮೇಷ್ಟ್ರೂ ನಕ್ಕರು. ಮೂರು ವರ್ಷದಲ್ಲಿ ಅಕ್ಕನ ಮಾತಿಗೆ ಮೇಷ್ಟ್ರು ನಕ್ಕದ್ದು ಅದೊಂದೇ ಸಲ. ಹಾವು ಮುಂಗುಸಿಯನ್ನು ಒಂದು ಮಾಡಿದ ಕೀರ್ತಿ ತನ್ನ ಮುಖಕ್ಕೆ ಸಿಕ್ಕಿತು ಎಂದು ಅವಳು ಆ ದಿನ ಬರೆದುಕೊಂಡಳು. ಡಬ್ಬಿಯಲ್ಲಿದ್ದ ಊಟವನ್ನು ಹಾಗೇ ಮನೆಗೆ ಒಯ್ದಳು.

ಹತ್ತು ದಿನ ಕಳೆದಿರಲಿಲ್ಲ, ಶಿಬಿರದಮ್ಮ ಬಂದರು. ಕೆರೆಯ ದಂಡೆಯಲ್ಲಿ ಮಕ್ಕಳಿಗೆ ರಜೆಯ ಶಿಬಿರ ನಡೆಸುವ ಹೆಂಗಸು. ಅವರಿಗೆ ಮೂವತ್ತು ಡೇರೆ ಬೇಕಿತ್ತು. ಬರೀ ಬೂದು ಬಿಳಿ ಡೇರೆ ನೋಡಿದರೆ ಮಕ್ಕಳಿಗೆ ಆಸ್ಪತ್ರೆ ನೆನಪಾಗುತ್ತದೆ, ಬೇರೆ ಏನಾದರೂ ಇದೆಯಾ ಎಂದು ಕೇಳಿದರು. ಆ ವರ್ಷ ಕಾರ್ಖಾನೆಗೆ ಬಂದ ದೊಡ್ಡ ಕೆಲಸ ಅದೊಂದೇ. ಅದು ಕೈತಪ್ಪಿದರೆ ಎರಡರಲ್ಲಿ ಒಂದು ಯಂತ್ರ ನಿಲ್ಲುವುದು ಖಂಡಿತ. ಅಕ್ಕ ಒಂದು ಕ್ಷಣವೂ ತಡವರಿಸಲಿಲ್ಲ. ಚಾವಣಿಗೆ ತೆಳುಬಣ್ಣ, ಬಿಸಿಲು ಬಣ್ಣ ಹೊತ್ತು ಒಳಗಿಳಿಯುವುದು, ಎಲ್ಲವನ್ನೂ ದಿನಚರಿಯ ಮಾತಿನಲ್ಲೇ ಹೇಳಿದಳು. ಮುಖದ ಮಾತೊಂದನ್ನು ಬಿಟ್ಟಳು. ಶಿಬಿರದಮ್ಮ ಒಂದು ಡೇರೆ ಮಾಡಿ ತೋರಿಸಿ ಎಂದರು. ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದ ತಂಗಿ ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಹಿತ್ತಲಿನ ಬಯಲಿನಲ್ಲಿ ಡೇರೆ ಎದ್ದಿತು. ಬಣ್ಣ ಹಚ್ಚುವ ಕೆಲಸ ನಾಲ್ಕು ದಿನ ನಡೆಯಿತು. ಅಕ್ಕ ಏಣಿಯ ಮೇಲೆ, ತಂಗಿ ಕೆಳಗೆ ಡಬ್ಬಿ ಹಿಡಿದು. ಅಕ್ಕನಿಗೆ ಕೈ ಇತ್ತು, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಎಣ್ಣೆ ಬಣ್ಣವನ್ನು ನೀರಿನಂತೆ ತೆಳ್ಳಗೆ ಮಾಡಿ, ಹಸಿರು ಎಲ್ಲಿ ಮುಗಿಯಿತು, ನೀಲಿ ಎಲ್ಲಿ ಹತ್ತಿತು ಗೊತ್ತಾಗದಂತೆ ಎಳೆದಳು. ಹಚ್ಚುತ್ತ ಹಚ್ಚುತ್ತ ಬೈಯುವುದನ್ನು ಮರೆತಳು. ನಾಲ್ಕನೆಯ ದಿನ ಮಧ್ಯಾಹ್ನ ಒಳಗೆ ಹೋಗಿ ಚಾಪೆಯ ಮೇಲೆ ಮಲಗಿ, "ಬಾರೇ, ಇಲ್ಲಿ ಬಂದು ನೋಡು" ಎಂದು ಕರೆದಳು.

ತಂಗಿ ಪಕ್ಕದಲ್ಲಿ ಮಲಗಿದಳು. ಅಕ್ಕನ ಗಲ್ಲದ ಮೇಲೆ ಹಸಿರು ಬಿದ್ದಿತ್ತು, ಕಿವಿಯ ತುದಿಯಲ್ಲಿ ಒಣಗಿದ ಹಳದಿ. ಇಷ್ಟು ಚೆಂದದ್ದನ್ನು ಪುಸ್ತಕದಲ್ಲಿ ಮುಚ್ಚಿಟ್ಟುಕೊಂಡು ಏನು ಮಾಡುತ್ತಿದ್ದೆ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅಕ್ಕನ ಬಾಯಿಂದ ಅವಳು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಅಲ್ಲಿಗೇ ನಿಂತಿದ್ದರೆ ತಂಗಿ ಎಲ್ಲವನ್ನೂ ಕ್ಷಮಿಸಿಬಿಡುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ಶಿಬಿರದಮ್ಮ.

"ನಂಗೇ ಹೊಳೆದಿದ್ದು ಮೇಡಂ" ಎಂದಳು ಅಕ್ಕ, ಮಲಗಿದಲ್ಲಿಂದಲೇ. "ನಮ್ಮನೇಲಿ ಇಂಥದ್ದೆಲ್ಲ ಯೋಚ್ನೆ ಮಾಡೋರು ಇನ್ಯಾರಿದ್ದಾರೆ ಹೇಳಿ."

ಹೇಳುವಾಗ ತಂಗಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ತಂಗಿಗೆ ಕೇಳದ ಹಾಗೆ ಹೇಳಿದ್ದರೂ ಆಗುತ್ತಿತ್ತು. ಆ ಕಣ್ಣು ಮಿಟುಕಿಸಿದ್ದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಶಿಬಿರದಮ್ಮ ನಾಡಿದ್ದು ಬರುವವರಿದ್ದರು. ಮಕ್ಕಳೇ ಚೀಲದಿಂದ ತೆಗೆದು ನಿಲ್ಲಿಸಬೇಕಾದ ಡೇರೆ, ಹಾಗಾಗಿ ಸುತ್ತಿಟ್ಟದ್ದನ್ನು ಬಿಚ್ಚಿ ನಿಲ್ಲಿಸುವುದನ್ನೇ ನೋಡಬೇಕು ಎಂದಿದ್ದರು. ಮುದುಕನಿಗೆ ಮಡಚಿ ಕಟ್ಟೋಕೆ ಹೇಳು ಎಂದು ಅಕ್ಕ ಆಫೀಸಿಗೆ ಹೋದಳು. ಹೇಳಿದ್ದನ್ನು ತಂಗಿ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಬಯಲಿಗೆ ಬಂದು ಚಾವಣಿಯ ಮೇಲೆ ಹೆಬ್ಬೆರಳು ಒತ್ತಿ ಎತ್ತಿದರು. ಮತ್ತೊಂದು ಕಡೆ ಒತ್ತಿದರು.

"ಮೇಲೆ ಆರಿದ ಹಾಗೆ ಕಾಣುತ್ತೆ, ಒಳಗಿನ್ನೂ ಹಸಿ" ಎಂದರು. "ಮೇಣದ ಬಟ್ಟೆ ಮೇಲೆ ಎಣ್ಣೆ ಬಣ್ಣ ಬೇಗ ಆರಲ್ಲ. ಈಗ ಮಡಚಿದ್ರೆ ಮೈಗೆ ಮೈ ಅಂಟಿಕೊಂಡು ಕಿತ್ತು ಬರುತ್ತೆ. ಹತ್ತು ದಿನ ಹೀಗೇ ನಿಂತಿರಲಿ, ಆಯಮ್ಮನ್ನ ಆಮೇಲೆ ಕರೀಲಿ ಅಂತ ಹೇಳು. ಇದನ್ನ ನಿನ್ನ ಜರಡೀಲಿ ಹಾಕ್ಬೇಡ, ಹೇಳಿದ್ದು ಹೇಳಿದ ಹಾಗೇ ಹೇಳು."

ಅವಳು ಹೊರಟಳು. ಮೇಜು ದಾಟಿದಳು, ಯಂತ್ರಗಳನ್ನು ದಾಟಿದಳು, ಗಾಜಿನ ಬಾಗಿಲು ತಳ್ಳಿದಳು. ಅಕ್ಕ ಸೀಮೆಎಣ್ಣೆಯ ಬಟ್ಟೆಯಿಂದ ಕಿವಿ ಒರೆಸಿಕೊಳ್ಳುತ್ತಿದ್ದಳು.

"ಏನಂತೆ ಮುದುಕಪ್ಪಂದು?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೂರು ವರ್ಷದಿಂದ ಎಷ್ಟೋ ಸಾವಿರ ಮಾತು ಹೊತ್ತವಳಿಗೆ ಇದೇನು ಭಾರವಲ್ಲ.

"ಏನಿಲ್ಲ" ಎಂದಳು.

ಏನಿಲ್ಲದ್ದಕ್ಕೆ ಚಪ್ಪಲಿ ಯಾಕೆ ಸವೆಸಿದೆ ಎಂದು ಅಕ್ಕ ರೇಗಿದಳು. ತಂಗಿ ವಾಪಸು ಬಯಲಿಗೆ ಬಂದು, ಮೇಷ್ಟ್ರು ಕೇಳುವ ಮೊದಲೇ, ಮಡಚಲೇಬೇಕಂತೆ ಎಂದಳು. ಸ್ವರ ನಡುಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ. ಮೇಷ್ಟ್ರು ಒಂದು ನಿಮಿಷ ಅವಳ ಮುಖ ನೋಡಿದರು. ಆಮೇಲೆ, ನಿಮ್ಮಕ್ಕನ ಹಟ ಅವಳನ್ನೇ ತಿನ್ನಲಿ ಎಂದು ಗೊಣಗಿ, ಗೂಟ ಕಿತ್ತರು. ಸಾಮಾನ್ಯವಾಗಿ ಹಗುರ ಕೈಯಲ್ಲಿ ಸುತ್ತುವವರು ಆ ದಿನ ಮಂಡಿಯೂರಿ ಅದುಮಿ ಅದುಮಿ ಸುತ್ತಿದರು. ಸುರುಳಿಯನ್ನು ಬಿಸಿಲು ಬೀಳುವ ಕಿಟಕಿಯ ಕೆಳಗೇ ಇಟ್ಟರು. ಅವರಿಗೂ ಅದು ಹಾಳಾಗುವುದು ಬೇಕಿತ್ತು. ಆದರೆ ಅವರು ಎಚ್ಚರಿಸಿ ಕೈತೊಳೆದುಕೊಂಡಿದ್ದರು. ಎಚ್ಚರಿಕೆ ನಡುದಾರಿಯಲ್ಲಿ ಉಳಿದಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ, ಅಂದು ಊಟದ ಹೊತ್ತಿನಲ್ಲಿ ನಕ್ಕ ಎರಡು ಹಕ್ಕಿ. ಎರಡು ದಿನ ಅವಳು ಆ ಸುರುಳಿಯ ಪಕ್ಕದಲ್ಲಿ ಓಡಾಡಿದಳು. ಯಾವ ಗಳಿಗೆಯಲ್ಲಿ ಬೇಕಾದರೂ ಹೇಳಬಹುದಿತ್ತು.

ಇವತ್ತು ಹತ್ತು ಗಂಟೆಗೆ ಸರಿಯಾಗಿ ಶಿಬಿರದಮ್ಮ ಬಂದರು. ಹಾಳಾಗದೆ ಉಳಿದೀತೆಂಬ ಭಯವನ್ನೆಲ್ಲ ತಂಗಿ ಬೆಳಿಗ್ಗೆಯೇ ಪಟ್ಟಾಗಿತ್ತು. ಅಕ್ಕ ಇಸ್ತ್ರಿ ಮಾಡಿದ ಹೊಸ ಸೀರೆ ಉಟ್ಟಿದ್ದಳು. ಮೇಷ್ಟ್ರು ಹಗ್ಗ ಬಿಚ್ಚಿ ಸುರುಳಿಯನ್ನು ಉರುಳಿಸಿದರು. ಅರ್ಧ ಸುತ್ತು ಉರುಳಿ ಅದು ನಿಂತಿತು. ಅಂಚು ಹಿಡಿದು ಜಗ್ಗಿದರು. ಗಾಯದ ಪಟ್ಟಿ ಕೀಳುವಾಗಿನ ಸದ್ದು ಬಂತು. ಅಕ್ಕನೂ ಒಂದು ಕಡೆ ಹಿಡಿದು ಎಳೆದಳು. ಹಳದಿ ನೀಲಿಯ ಮೇಲೆ ಕೂತಿತ್ತು, ನೀಲಿ ಹಸಿರಿನ ಮೇಲೆ, ಹಸಿರು ಅಕ್ಕನ ಅಂಗೈ ಮೇಲೆ. ಬಣ್ಣ ಎದ್ದುಹೋದ ಕಡೆ ಬಟ್ಟೆ ತೊನ್ನು ಹಿಡಿದಂತೆ ಬೆಳ್ಳಗೆ ಕಾಣುತ್ತಿತ್ತು. ಚಾವಣಿಯ ಒಂದು ಹೊಲಿಗೆಯೇ ಬಾಯಿ ಬಿಟ್ಟಿತು.

ಶಿಬಿರದಮ್ಮ ಕೂಗಾಡಲಿಲ್ಲ. ಬೆರಳಿಗೆ ಹತ್ತಿದ್ದನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಇದು ಮಕ್ಕಳ ಕೂದಲಿಗೆ ಹತ್ತಿದ್ದರೆ ನಾನು ಅವರ ಮನೆಯವರಿಗೆ ಏನು ಹೇಳಲಿ ಎಂದು ಕೇಳಿದರು. ಇನ್ನೊಂದು ವಾರ ಕೊಡಿ ಎಂದಳು ಅಕ್ಕ. ಬಿಳಿ ಡೇರೆಯೇ ಸಾಕು, ಅದನ್ನೂ ಬೇರೆ ಕಡೆ ನೋಡುತ್ತೇನೆ ಎಂದು ಅವರು ಹೊರಟುಹೋದರು.

ತಂಗಿ ಕಾಯುತ್ತಿದ್ದ ಸಂತೋಷ ಬಂತು. ಬಿಸಿ ಕಾಫಿ ಗಂಟಲಿನಲ್ಲಿ ಇಳಿಯುವಷ್ಟು ಹೊತ್ತು ಇತ್ತು. ಆಮೇಲೆ ಅದು ಎಲ್ಲಿ ಹೋಯಿತೋ.

ಅಕ್ಕನೂ ಮೇಷ್ಟ್ರೂ ಹರಿದ ಡೇರೆಯ ಎರಡು ಬದಿಗೆ ನಿಂತಿದ್ದರು. ನಡುವೆ ಮೂರು ಮೊಳ ಜಾಗ. ಆದರೂ ಇಬ್ಬರೂ ನೋಡುತ್ತಿದ್ದದ್ದು ಇವಳನ್ನು.

"ಕೇಳೇ ಅವರನ್ನ" ಎಂದಳು ಅಕ್ಕ. "ಮಂಡಿ ಹಾಕಿ ತುಳಿದು ಸುತ್ತಿದ್ದನ್ನ ಹೊಲಿಗೆಯವರು ನೋಡಿದ್ದಾರಂತೆ. ಯಾವ ಜನ್ಮದ ಸೇಡು ಅಂತ ಕೇಳು."

"ಹೇಳಮ್ಮ ಅವಳಿಗೆ" ಎಂದರು ಮೇಷ್ಟ್ರು. "ಹಸಿ ಇದೆ, ಮುಟ್ಟಬೇಡ ಅಂತ ಹೇಳಿ ಕಳಿಸಿದ್ದೆ. ಕೇಳೋ ಕಿವಿ ಇರಬೇಕಲ್ಲ."

"ಸುಳ್ಳು ಹೇಳೋಕೂ ವಯಸ್ಸಿಗೆ ತಕ್ಕ ನಾಚಿಕೆ ಬೇಕು ಅನ್ನು."

"ಅಪ್ಪನ ಹೆಸರು ಕೆಡಿಸೋಕೆ ಹುಟ್ಟಿದವಳು ಅನ್ನು."

ಯಾವ ಮಾತನ್ನೂ ಒಯ್ಯಬೇಕಾದ ಅಗತ್ಯವಿರಲಿಲ್ಲ, ಎಲ್ಲವೂ ಎಲ್ಲರಿಗೂ ಕೇಳುತ್ತಿತ್ತು. ಆದರೂ ಒಂದೊಂದಕ್ಕೂ ಅವರು ಇವಳತ್ತ ಗದ್ದ ಎತ್ತುತ್ತಿದ್ದರು. ಹೆಂಗಸರು ಯಂತ್ರ ನಿಲ್ಲಿಸಿ ಕಿಟಕಿಗೆ ಬಂದಿದ್ದರು. ಅಕ್ಕ ಅಂಗೈಯ ಹಸಿರನ್ನು ಸೆರಗಿಗೆ ಒರೆಸಿಕೊಂಡಳು. ಹೊಸ ಬಟ್ಟೆ ಎಂಬುದೂ ಅವಳಿಗೆ ನೆನಪಿರಲಿಲ್ಲ. ಸ್ವರ ಇಳಿಸಿ, ತಣ್ಣಗೆ ಹೇಳಿದಳು.

"ನಾಳೆಯಿಂದ ಬರೋದು ಬೇಡ ಅಂತ ಹೇಳು ಅವರಿಗೆ. ಹೂಂ, ಹೇಳು. ನಿನ್ನ ಕೆಲಸ ಅದೇ ತಾನೆ."

ಮೇಷ್ಟ್ರ ಕೈಯಲ್ಲಿ ಬಿಚ್ಚಿದ ಹಗ್ಗವಿತ್ತು. ಅದನ್ನು ಅವರು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರು. ಅವರೂ ಇವಳ ಬಾಯಿಂದಲೇ ಕೇಳಲು ಕಾಯುತ್ತಿದ್ದರು. ಇವಳು ಹೇಳಿದರೆ ಸ್ವಲ್ಪ ಮೆತ್ತಗಾಗಿ ಬರುತ್ತದೆಂದು ಮೂರು ವರ್ಷದಿಂದ ಅವರಿಗೆ ಗೊತ್ತಿತ್ತು. ಈ ಮಾತನ್ನು ಹೇಗೆ ಸೋಸಿದರೂ ಅದರಲ್ಲಿ ಹಿಟ್ಟಿರಲಿಲ್ಲ.

ಕಾಲು ತಾನಾಗಿ ಮೇಷ್ಟ್ರ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಅಲ್ಲೇ ನಿಂತಳು. ಕಿಟಕಿಯಲ್ಲಿ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿದದ್ದು ಕಾಣಿಸಿತು. ಅವಳು ಅಕ್ಕನ ಕಡೆಗೆ ತಿರುಗಿದಳು. ಈ ಸಲ ಗಂಟಲು ಸರಿಮಾಡಿಕೊಳ್ಳಲು ಹೋಗಲಿಲ್ಲ.

"ಹಸಿ ಇದೆ, ಮಡಚಬೇಡ ಅಂತ ಮೇಷ್ಟ್ರು ಹೇಳಿದ್ರು ಅಕ್ಕ. ನಾನು ನಿಂಗೆ ಹೇಳ್ಲಿಲ್ಲ. ಮರೆತು ಅಲ್ಲ. ಹಾಳಾಗ್ಲಿ ಅಂತಲೇ ಹೇಳ್ಲಿಲ್ಲ."