ಮೇಸ್ತ್ರಿ ಕಮಲಾವತಿ

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿದ್ದ ಗೇರುಬೀಜದ ಕಾರ್ಖಾನೆಯಲ್ಲಿ ಕಮಲಾವತಿಯನ್ನು ಮೇಸ್ತ್ರಿ ಮಾಡಿದ್ದು ಎಂಬತ್ಮೂರರ ಬೇಸಗೆಯಲ್ಲಿ. ಅದುವರೆಗೆ ಆ ಜಾಗಕ್ಕೆ ಹೆಂಗಸರು ಯಾರೂ ಬಂದಿರಲಿಲ್ಲ. ಮರ್ಕಂಜದಿಂದ ಮದುವೆಯಾಗಿ ಪುತ್ತೂರಿಗೆ ಬಂದಂದಿನಿಂದ ಅವಳು ಅಲ್ಲಿ ಬೀಜದ ಸಿಪ್ಪೆ ಬಿಡಿಸುತ್ತಿದ್ದಳು. ಒಲೆಯ ಕೋಣೆಯಲ್ಲಿ ಒಣಗಿ ಬಂದ ಬೀಜದ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ ಕೆರೆದು ತೆಗೆಯಬೇಕು, ಬೀಜ ಮಾತ್ರ ತುಂಡಾಗಬಾರದು. ಆ ಕೆಲಸದಲ್ಲಿ ಅವಳ ಕೈ ಹಗುರ. ಅದನ್ನು ನೋಡಿಯೇ ಧಣಿಗಳು ತನ್ನನ್ನು ಆರಿಸಿದರು ಎಂದು ಅವಳು ತಿಳಿದಿದ್ದಳು.

"ನಾಳೆಯಿಂದ ನೀನು ಆ ಹೆಂಗಸರೊಟ್ಟಿಗೆ ಕೂತುಕೊಳ್ಳುದು ಬೇಡ," ಎಂದಿದ್ದರು ಧಣಿ ಸರ್ವೋತ್ತಮ ರೈಗಳು. "ನಿಂತು ನೋಡಿಕೊಳ್ಳುದು ನಿನ್ನ ಕೆಲಸ."

ಮೊದಲ ದಿನ ಅವಳು ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ತೆಗೆದು ಉಟ್ಟುಕೊಂಡು ಬಂದಳು. ಮೇಜುಗಳ ನಡುವೆ ಆಚೆಯಿಂದ ಈಚೆಗೆ ನಡೆದಳು. ಅವಳು ಹತ್ತಿರ ಬಂದ ಕೂಡಲೇ ಮಾತು ನಿಲ್ಲುತ್ತಿತ್ತು, ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕೈಗೆ ಕೆಲಸವಿಲ್ಲದೆ ಅವಳಿಗೆ ಒಂದು ಥರ ಆಯಿತು. ಒಂದೆರಡು ಸಲ ಯಾರದೋ ಬುಟ್ಟಿಯಿಂದ ಬೀಜ ಎತ್ತಿ ಕೆರೆಯಲು ಹೊರಟು, ಧಣಿಗಳ ಮಾತು ನೆನಪಾಗಿ ಕೆಳಗಿಟ್ಟಳು.

ಸಂಜೆ ಸೈರನ್ ಆದಾಗ ರೈಗಳು ಅವಳನ್ನು ಗೇಟಿನ ಹತ್ತಿರ ಕರೆದರು. "ಇನ್ನು ಇಲ್ಲಿ ನೀನೇ ನಿಲ್ಲಬೇಕು. ಎಲ್ಲರ ಸೊಂಟ, ಸೆರಗು ಸರಿಯಾಗಿ ಮುಟ್ಟಿ ನೋಡು. ತ್ಯಾಂಪಣ್ಣ ನೋಡಿದರೆ ಗಲಾಟೆ ಆಗ್ತದೆ. ನೀನು ಹೆಂಗಸು, ನಿನ್ನ ಹತ್ತಿರ ಯಾರು ಎಂತ ಹೇಳ್ತಾರೆ?"

ಹಳೆಯ ಮೇಸ್ತ್ರಿ ತ್ಯಾಂಪಣ್ಣ ಬೀಜ ಕದ್ದಿದ್ದಾಳೆಂದು ಒಬ್ಬಳ ಸೆರಗಿಗೆ ಕೈ ಹಾಕಿದ್ದ. ಹೆಂಗಸರೆಲ್ಲ ಚೂರಿ ಕೆಳಗಿಟ್ಟು ಹೊರಗೆ ಬಂದು ನಿಂತಿದ್ದರು. ಆಮೇಲೆ ಅವನನ್ನು ಗೋದಾಮಿಗೆ ಹಾಕಿದರು. ಆ ಗಲಾಟೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಕಮಲಾವತಿಯೇ. ತನ್ನನ್ನು ಯಾಕೆ ಆರಿಸಿದರೆಂಬುದು ಅವಳಿಗೆ ಗೇಟಿನಲ್ಲಿ ನಿಂತಾಗ ತಿಳಿಯಿತು.

ಸಾಲಿನಲ್ಲಿ ಬೀಫಾತುಮ್ಮ ಬಂದಳು. ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಕೂತವರು, ಬುತ್ತಿ ಹಂಚಿಕೊಂಡವರು. ಬೀಫಾತುಮ್ಮ ಹೇಳಿಸಿಕೊಳ್ಳದೆ ಎರಡೂ ಕೈ ಮೇಲೆತ್ತಿ, ರಸ್ತೆಯ ಕಡೆ ಮುಖ ಮಾಡಿ ನಿಂತಳು.

"ನೋಡು ಮೇಸ್ತ್ರಿಯಮ್ಮ. ಸರಿ ನೋಡು, ಮತ್ತೆ ಧಣಿಗಳು ನಿನ್ನನ್ನು ಕೇಳುದು ಬೇಡ."

ಕಮಲಾವತಿ ಅವಳ ಸೊಂಟಕ್ಕೆ ಕೈ ಇಟ್ಟಳು. ಬೀಫಾತುಮ್ಮನ ಮೈ ಬಿಗಿಯಾಯಿತು.

ಅಂದಿನಿಂದ ಕಮಲಾವತಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಗಂಜಿಯ ಪಾತ್ರೆ ಒಲೆಯ ಮೇಲಿಟ್ಟು ಅಂಗಳಕ್ಕೆ ಹೋಗುವಳು, ಅಲ್ಲಿಂದ ಯಾಕೆ ಬಂದೆನೆಂದು ಗೊತ್ತಾಗದೆ ಒಳಗೆ ಬರುವಳು. "ಎಂತ ಮಾರಾಯ್ತಿ, ಮನೆಯಲ್ಲಿಯೂ ಮೇಸ್ತ್ರಿಕೆಯಾ?" ಎಂದು ಗಂಡ ಅಚ್ಚುತ ನಕ್ಕರೆ ಅವನ ಮೇಲೆ ಸಿಡುಕುವಳು. ಕಾರ್ಖಾನೆಯಲ್ಲಿ ಅವಳ ದನಿ ದಿನದಿನಕ್ಕೂ ಏರಿತು. ಮಾತಾಡಿದವರನ್ನು ಗದರಿದಳು. ಗದರಿದಷ್ಟೂ ಹೆಂಗಸರ ಕೈ ಗಡಿಬಿಡಿಯಾಗಿ ತುಂಡು ಬೀಜವೇ ಹೆಚ್ಚಾಯಿತು. ಒಂದು ದಿನ ತನ್ನ ಬಾಯಿಂದ ಬಂದ ಬೈಗುಳ ತ್ಯಾಂಪಣ್ಣನದೇ ಎಂದು ಗೊತ್ತಾಗಿ ಅವಳು ಮಾತಿನ ನಡುವೆ ನಿಂತುಬಿಟ್ಟಳು.

ಮಧ್ಯಾಹ್ನ ನೇರ ರೈಗಳ ಕೋಣೆಗೆ ಹೋದಳು.

"ಧಣಿಗಳೆ, ಇನ್ನು ನಾನು ಗೇಟಿನಲ್ಲಿ ಯಾರ ಮೈಯನ್ನೂ ಮುಟ್ಟುದಿಲ್ಲ."

"ಮತ್ತೆ ಕದ್ದುಕೊಂಡು ಹೋಗಲಿಯಾ?"

"ಈಗ ಬೀಜ ಕೊಡುವಾಗ ತೂಗುದಿಲ್ಲ, ಬುಟ್ಟಿಯಲ್ಲಿ ಸುರಿದು ಕೊಡುದು. ಕೊಡುವಾಗಲೂ ತೂಗುವ. ಸಂಜೆ ಇಡಿ ಬೀಜ, ತುಂಡು, ಸಿಪ್ಪೆ ಎಲ್ಲ ಸೇರಿಸಿ ಪುನಃ ತೂಗುವ. ಸರಿ ಬಂದವರು ಮನೆಗೆ ಹೋಗಲಿ."

"ಸರಿ ಬಾರದಿದ್ದರೆ?"

ಅದನ್ನು ಅವಳು ಯೋಚಿಸಿರಲಿಲ್ಲ. "ನನ್ನನ್ನು ಕೇಳಿ," ಎಂದಳು.

"ಆಯ್ತು, ಮಾಡಿ ನೋಡು. ಕೆಟ್ಟರೆ ಪುನಃ ಮೇಜಿಗೆ ಹೋಗಿ ಕೂರು."

ಮೊದಲ ಸಂಜೆಯೇ ಕೆಟ್ಟಿತು. ಇದ್ದದ್ದು ಒಂದೇ ತಕ್ಕಡಿ. ಸಾಲು ಬಾಗಿಲು ದಾಟಿ ಅಂಗಳಕ್ಕೆ ಬಂತು. ಕಡಬಕ್ಕೆ ಹೋಗುವವರ ಬಸ್ಸು ತಪ್ಪಿತು.

"ಮುಟ್ಟುದೇ ಒಳ್ಳೆದಿತ್ತು ಮಾರಾಯ್ತಿ, ಬೇಗ ಆಗ್ತಿತ್ತು," ಎಂದು ಹಿಂದಿನಿಂದ ಯಾರೋ ಹೇಳಿದರು. ಕೆಲವರು ನಕ್ಕರು. ಕಮಲಾವತಿಗೆ ಕಣ್ಣು ತುಂಬಿ ಬಂತು, ಆದರೆ ಅವಳು ಮರುದಿನವೂ ತೂಗುವುದನ್ನು ಬಿಡಲಿಲ್ಲ. ತಕ್ಕಡಿಯನ್ನು ಬಾಗಿಲಿನಿಂದ ತೆಗೆದು ಮೇಜುಗಳ ನಡುವೆಯೇ ಇರಿಸಿದಳು. ದೂರದ ಬಸ್ಸಿನವರನ್ನೆಲ್ಲ ಒಂದೇ ಕಡೆ ಕೂರಿಸಿದಳು. ಸೈರನ್ನಿಗೆ ಮೊದಲೇ ಅವರ ಕಡೆಯಿಂದ ತೂಗುತ್ತ ಬಂದಳು. ಬೀಫಾತುಮ್ಮನ ಮೇಜಿಗೆ ಬಂದು, "ಈ ಕಡೆಯದ್ದು ನೀನು ತೂಗುತ್ತೀಯಾ?" ಎಂದು ಕೇಳಿದಳು.

"ನನ್ನ ಮೇಲೆ ನಂಬಿಕೆ ಉಂಟಾ?"

"ಉಂಟು."

"ಮತ್ತೆ ಅವತ್ತು ಯಾಕೆ ಮುಟ್ಟಿದ್ದು?"

ಕಮಲಾವತಿ ತೂಕದ ಕಲ್ಲುಗಳನ್ನು ಅವಳ ಕಡೆ ಸರಿಸಿದಳು. ಬೀಫಾತುಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು, ತೂಗಿದಳು.

ಮಳೆ ಹಿಡಿಯುವ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬಂತು, ಕಮಲಾವತಿಯ ಗದರಿಕೆಯೂ ಕಡಿಮೆಯಾಯಿತು. ಆಗಲೇ ಒಂದು ಸಂಜೆ ಸೀತುವಿನ ತೂಕ ಸರಿಹೊಂದಲಿಲ್ಲ. ಸೀತು ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ, ಯಾರೊಂದಿಗೂ ಹೆಚ್ಚು ಮಾತಿಲ್ಲದ ಹೆಂಗಸು. ಕಮಲಾವತಿ ಪುನಃ ತೂಗಿದಳು. ಕಡಿಮೆಯೇ ಇತ್ತು. ಸೀತು ನೆಲ ನೋಡುತ್ತ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು.

ಎಲ್ಲರೂ ಹೋಗುವ ತನಕ ಕಮಲಾವತಿ ಅವಳನ್ನು ಸಿಪ್ಪೆಯ ಚೀಲಗಳ ಹಿಂದೆ ನಿಲ್ಲಿಸಿದಳು.

"ನಾನು ಮುಟ್ಟುದಿಲ್ಲ. ಆ ಕಡೆ ತಿರುಗಿ ನಿಲ್ಲುತ್ತೇನೆ. ಇದ್ದದ್ದನ್ನು ಬುಟ್ಟಿಗೆ ಹಾಕು."

ತಿರುಗಿ ನಿಂತಳು. ಬೀಜ ಬುಟ್ಟಿಗೆ ಬಿದ್ದ ಸದ್ದಾಯಿತು.

"ಧಣಿಗಳಿಗೆ ನನ್ನ ಹೆಸರು ಹೇಳ್ತೀರಾ?" ಎಂದಳು ಸೀತು.

"ಇನ್ನೊಮ್ಮೆ ಆದರೆ ಹೇಳುತ್ತೇನೆ. ನಾಳೆ ಕೆಲಸಕ್ಕೆ ಬೇಗ ಬಾ."

ರೈಗಳಿಗೆ ವಿಷಯ ಮುಟ್ಟದಿರಲಿಲ್ಲ. ತ್ಯಾಂಪಣ್ಣ ಗೋದಾಮಿನ ಬಾಗಿಲಿನಿಂದ ನೋಡಿದ್ದ, ಆದರೆ ಚೀಲಗಳ ಹಿಂದಿದ್ದವಳ ಮುಖ ಅವನಿಗೆ ಕಂಡಿರಲಿಲ್ಲ. ಮರುದಿನ ಅವರು ಅವಳನ್ನು ಕರೆಸಿದರು. "ಯಾರು ಅವಳು? ಹೆಸರು ಹೇಳು, ಇವತ್ತೇ ತೆಗೆದುಹಾಕುವ."

"ಬೀಜ ಬುಟ್ಟಿಗೆ ಬಂತು, ಧಣಿಗಳೆ. ನನ್ನನ್ನು ಕೇಳಿ ಅಂತ ಹೇಳಿದವಳು ನಾನು. ತೆಗೆಯುದಾದರೆ ನನ್ನನ್ನು ತೆಗೆಯಿರಿ. ಗೇಟಿನಲ್ಲಿ ನಿಲ್ಲಲಿಕ್ಕೆ ಬೇರೆ ಹೆಂಗಸನ್ನು ಹುಡುಕಿ."

ರೈಗಳು ಮೇಜಿನ ಮೇಲಿದ್ದ ಕನ್ನಡಕ ಹಾಕಿಕೊಂಡರು, ತೆಗೆದರು. "ತುಂಡು ಬೀಜ ಕಡಿಮೆ ಆಗಿದೆ ಅಂತ ಆಚೆ ಪ್ಯಾಕಿಂಗಿನವರು ಹೇಳುತ್ತಿದ್ದರು," ಎಂದರು ಕೊನೆಗೆ, ಅವಳ ಮುಖ ನೋಡದೆ. "ಹೋಗು, ಕೆಲಸ ನೋಡು."

ಅವಳು ಗೆದ್ದೆ ಎಂದುಕೊಳ್ಳಲಿಲ್ಲ. ಆಮೇಲೂ ಸಂಜೆಯಾಗುತ್ತ ಬಂದಂತೆ, ಇವತ್ತು ಯಾರದು ಕಡಿಮೆ ಬರುತ್ತದೋ ಎಂದು ತಕ್ಕಡಿಯ ಮುಳ್ಳಿನ ಮೇಲೆಯೇ ಕಣ್ಣು. ಬೀಫಾತುಮ್ಮ ತೂಗುತ್ತಿದ್ದಳು, ಆದರೆ ಬುತ್ತಿ ಹಂಚಿಕೊಳ್ಳಲು ಕರೆಯಲಿಲ್ಲ. ಸೀತು ಕಮಲಾವತಿಯನ್ನು ಕಂಡರೆ ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದಳು. ಕಾಪಾಡಿದವರ ಮೇಲೂ ಒಂದು ಸಿಟ್ಟು ಇರುತ್ತದೆಂದು ಕಮಲಾವತಿಗೆ ಆಗ ಗೊತ್ತಾಯಿತು.

ಹಾಗೆಯೇ ಮಳೆ ಕಳೆಯಿತು. ಒಂದು ಬೆಳಿಗ್ಗೆ ಸೀತು ತಾನಾಗಿಯೇ ಬುಟ್ಟಿ ಹಿಡಿದುಕೊಂಡು ಅವಳ ಎದುರು ಬಂದು ನಿಂತಳು.

"ಮೇಸ್ತ್ರಿಯಕ್ಕ, ಇವತ್ತಿನದ್ದು ಸರಿ ಒಣಗಲಿಲ್ಲ. ಸಿಪ್ಪೆ ಬಿಡುದೇ ಇಲ್ಲ. ಕೆರೆದರೆ ತುಂಡಾಗ್ತದೆ. ಮತ್ತೆ ನಮ್ಮನ್ನು ಬೈದು ಪ್ರಯೋಜನ ಇಲ್ಲ."

ಕಮಲಾವತಿ ಒಂದು ಬೀಜ ಎತ್ತಿ ಉಗುರಿನಿಂದ ಕೆರೆದು ನೋಡಿದಳು. ಹೌದು, ಹಸಿಯೇ ಇತ್ತು.

"ಇದನ್ನು ಯಾರೂ ಮುಟ್ಟುದು ಬೇಡ, ಅಲ್ಲೇ ಇಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮತ್ತೆ ಸೀತುವಿನ ಕಡೆ ತಿರುಗಿ, "ಬಾ. ಒಲೆಯ ಕೋಣೆಯವರಿಗೆ ನೀನೇ ಹೇಳು, ನಾನು ಒಟ್ಟಿಗಿರುತ್ತೇನೆ," ಎಂದು ಬುಟ್ಟಿಯ ಒಂದು ಬದಿಯನ್ನು ತಾನು ಹಿಡಿದುಕೊಂಡಳು.