ಡಿಜಿಟಲ್ ನಾಣ್ಯಕ್ಕೊಂದು ಠರಾವು

ನಮ್ಮ ಬೀದಿಯ ಬೀಗದ ಅಂಗಡಿಯಲ್ಲಿ ಕೂತು ಇಬ್ಬರು ಭೂಮಂಡಲದ ಹಣಕಾಸನ್ನೆಲ್ಲ ನೋಡಿಕೊಳ್ಳುತ್ತಿದ್ದರು. ನನ್ನದು ಪಕ್ಕದ ಕ್ಷೌರದಂಗಡಿ. ನಡುವೆ ಹಲಗೆಯ ಗೋಡೆ, ಗೋಡೆಯಲ್ಲೊಂದು ಬಿರುಕು. ನಾನು ಹೇಳುವುದರಲ್ಲಿ ಎಲ್ಲಾದರೂ ಸುಳ್ಳು ಕಂಡರೆ ಅದು ಬಿರುಕಿನ ತಪ್ಪು.

ಒಬ್ಬರು ಬೀಗದವರು, ಅಂಗಡಿಯ ಯಜಮಾನರು. ಇನ್ನೊಬ್ಬ ಅವರ ಹೆಂಡತಿಯ ತಮ್ಮ. ಅವರಿಗೆ ಬಾಮೈದನಾದವನು ಕ್ರಮೇಣ ಇಡೀ ಬೀದಿಗೇ ಬಾಮೈದನಾಗಿಬಿಟ್ಟಿದ್ದ. ಬೀಗದವರು ಡಿಜಿಟಲ್ ನಾಣ್ಯದ ಭಕ್ತರು. ಕಂಪ್ಯೂಟರಿನಲ್ಲೇ ಹುಟ್ಟಿ, ಕಂಪ್ಯೂಟರಿನಲ್ಲೇ ಓಡಾಡುವ, ಬ್ಯಾಂಕಿಗೂ ಸರ್ಕಾರಕ್ಕೂ ಕ್ಯಾರೇ ಅನ್ನದ ನಾಣ್ಯ. ‘ನನ್ನ ಕೀಲಿ, ನನ್ನ ಕಾಸು, ನಡುವೆ ಯಾವ ಮ್ಯಾನೇಜರೂ ಬೇಡ’ ಎಂಬುದು ಅವರ ಮಂತ್ರ. ಬಾಮೈದ ಇದಕ್ಕೆ ತದ್ವಿರುದ್ಧ. ಬ್ಯಾಂಕು, ಬಸ್ಸು, ಬಾವಿ ಎಲ್ಲವೂ ಸಾರ್ವಜನಿಕರ ಸ್ವತ್ತಾಗಬೇಕು ಅನ್ನುವವನು. ಒಮ್ಮೆ ನನ್ನ ಅಂಗಡಿಯ ದೊಡ್ಡ ಕನ್ನಡಿಯನ್ನೂ ರಾಷ್ಟ್ರೀಕರಣ ಮಾಡಬೇಕೆಂದು ಅರ್ಧ ಗಡ್ಡ ಬೋಳಿಸಿಕೊಂಡು ವಾದಿಸಿದ್ದ. ಉಳಿದರ್ಧ ಗಡ್ಡ ನನ್ನ ಖಾಸಗಿ ಸ್ವತ್ತು ಎಂದು ನಾನು ಹೇಳಿದ ಮೇಲೆಯೇ ಅವನು ಸುಮ್ಮನಾದದ್ದು.

ಮೊದಮೊದಲು ಇಬ್ಬರೂ ಬಾಯಲ್ಲೇ ಜಗಳವಾಡುತ್ತಿದ್ದರು. ಕೀಲಿ ಮಾಡಿಸಲು ಬಂದವರು ಹೆದರಿ, ಬೀಗವನ್ನೂ ಅಲ್ಲೇ ಬಿಟ್ಟು ಓಡುತ್ತಿದ್ದರು. ಕೊನೆಗೆ ಬೀಗದವರ ಹೆಂಡತಿ, ನಮಗೆಲ್ಲ ಅಕ್ಕ, ಬಂದು ಕಾನೂನು ಮಾಡಿದರು.

“ಅಂಗಡಿಯೊಳಗೆ ಬಾಯಲ್ಲಿ ರಾಜಕೀಯ ತೆಗೆದವರಿಗೆ ಅವತ್ತು ಮನೇಲಿ ಊಟ ಇಲ್ಲ. ಗಂಡ ಅಂತಾನೂ ನೋಡಲ್ಲ, ತಮ್ಮ ಅಂತಾನೂ ನೋಡಲ್ಲ.”

ಅಂದಿನಿಂದ ಜಗಳ ಫೋನಿಗೆ ಹೋಯಿತು. ಒಂದೇ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಇಬ್ಬರೂ ಅಂತರ್ಜಾಲದಲ್ಲಿ ಕಾದಾಡತೊಡಗಿದರು. ಅಲ್ಲಿ ಬೀಗದವರ ಹೆಸರು ‘ಸರ್ಕಾರ ಬೇಡ’, ಬಾಮೈದನದು ‘ಸರ್ವರ ಸ್ವತ್ತು’. ಬಿರುಕಿನಲ್ಲಿ ನನಗೆ ಕೇಳುತ್ತಿದ್ದದ್ದು ಇಷ್ಟೇ:

“ಭಾವ, ಆ ಸಣ್ಣ ಅರ ಇತ್ತ ಕೊಡ್ತೀರಾ?”

“ತಗೋಪ್ಪ. ಟೀ ಕುಡಿದ್ಯಾ?”

“ನೀವು ಕುಡೀರಿ ಭಾವ, ಆಮೇಲೆ ನಾನು.”

ಇಷ್ಟು ಸಕ್ಕರೆಯ ಮಾತಾಡುತ್ತಲೇ ಒಬ್ಬ ‘ಬಂಡವಾಳದ ಬಾಲಬಡುಕ’ ಎಂದು ಟೈಪ್ ಮಾಡುತ್ತಿದ್ದ. ಇನ್ನೊಬ್ಬರು ‘ಸರ್ಕಾರದ ಸೆರಗು ಹಿಡಿದ ಕೂಸು’ ಎಂದು ಉತ್ತರ ಕೊಡುತ್ತಿದ್ದರು. ಜಗಳ ಕಾವೇರಿದಾಗ ಫೋನುಗಳು ಎಷ್ಟು ಬಿಸಿಯಾಗುತ್ತಿದ್ದವೆಂದರೆ, ಆರಿದ ಟೀ ಲೋಟವನ್ನು ಅವುಗಳ ಮೇಲಿಟ್ಟು ಬಿಸಿಮಾಡಿಕೊಳ್ಳುತ್ತಿದ್ದರು. ಸಮುದ್ರದಾಚೆಯವರೂ ಪಕ್ಷ ಕಟ್ಟಿಕೊಂಡು ಸೇರಿಕೊಂಡರು. ಯಾವುದೋ ದ್ವೀಪದಲ್ಲಿ ಇವರ ಜಗಳ ಓದಿ ಎರಡು ರಾಜಕೀಯ ಪಕ್ಷಗಳೇ ಹುಟ್ಟಿ ಚುನಾವಣೆಗೂ ನಿಂತವಂತೆ. ಎರಡೂ ಸೋತವು.

ಇಷ್ಟರಲ್ಲಿ ಅಂಗಡಿಯ ಕೀಲಿ ಕೊರೆಯುವ ಮಷೀನಿಗೆ ವಯಸ್ಸಾಯಿತು. ಚಾಲು ಮಾಡಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಅದು ಕೊರೆದ ಕೀಲಿಗಳು ಬಾಗಿಲನ್ನು ಬಿಟ್ಟು ಬೇರೆಲ್ಲವನ್ನೂ ತೆರೆಯುತ್ತಿದ್ದವು. ಗಿರಾಕಿಗಳು ಒಬ್ಬೊಬ್ಬರಾಗಿ ಮುಖ್ಯರಸ್ತೆಯ ಹೊಸ ಅಂಗಡಿಯತ್ತ ತಿರುಗಿದರು. ಅದೃಷ್ಟಕ್ಕೆ ಹಳೆ ಸಾಮಾನಿನ ವ್ಯಾಪಾರಿಯೊಬ್ಬನ ಹತ್ತಿರ ಒಳ್ಳೆಯ ಮಷೀನೊಂದು ಬಂದಿತ್ತು. ಭಾನುವಾರದವರೆಗೆ ಯಾರಿಗೂ ಕೊಡುವುದಿಲ್ಲ ಎಂದು ಅವನು ಅಕ್ಕನಿಗೆ ಮಾತು ಕೊಟ್ಟಿದ್ದ.

“ಆ ನಿಮ್ಮ ಗಾಳಿ ನಾಣ್ಯ ಮಾರಿ ಮಷೀನು ತನ್ನಿ,” ಅಂದರು ಅಕ್ಕ. “ಇಲ್ಲಾಂದ್ರೆ ಅಂಗಡಿಗೆ ನೀವೇ ಒಂದು ಬೀಗ ಜಡೀರಿ. ಅದಾದ್ರೂ ಗಟ್ಟಿಯಾಗಿರಲಿ.”

“ಇನ್ನೊಂಚೂರು ಏರಲಿ ಕಣೇ.”

“ಹೋದ ತಿಂಗಳು ಏರಿತ್ತಲ್ಲ?”

“ಏರ್ತಾ ಇರೋದನ್ನ ಯಾರಾದ್ರೂ ಮಾರ್ತಾರಾ?”

“ಮೊನ್ನೆ ಇಳೀತಲ್ಲ?”

“ಇಳಿದಾಗ ಮಾರೋದು ಹೇಡಿಗಳು.”

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಅನ್ನುವ ಹಾಗಾಯಿತು. ಕೊನೆಗೆ ಅಕ್ಕ ನಡುಗುವ ಮಷೀನಿನ ಮುಂದೆ ಹೋಗಿ, ಸೆರಗಿನಿಂದ ಅದರ ಧೂಳು ಒರೆಸಿ ಬಂದರು. ಅದನ್ನು ನೋಡಿ ಬೀಗದವರ ಮುಖ ಇಳಿಯಿತು. ಆ ಅಂಗಡಿ ಹಾಕಿದ ದಿನ ಇಬ್ಬರೂ ಸೇರಿ ಹೊತ್ತು ತಂದಿದ್ದ ಮಷೀನು ಅದು. “ಆಯ್ತು, ಮಾರ್ತೀನಿ,” ಅಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ನಾಣ್ಯ ಮಾರಬೇಕಾದರೆ ಹನ್ನೆರಡು ಗುಟ್ಟಿನ ಪದಗಳು ಬೇಕು. ಒಂದು ಕಳೆದರೂ ಗೋವಿಂದ. ಬೇರೆಯವರು ಅವನ್ನು ಕಾಗದದಲ್ಲಿ ಬರೆದಿಡುತ್ತಾರೆ. ಬೀಗದವರು ಹಾಗೆಲ್ಲ ಬರೆದಿಡುವ ಆಸಾಮಿಯಲ್ಲ. ಬಾಯಿಪಾಠವನ್ನೂ ಮಾಡಿರಲಿಲ್ಲ, “ನಿದ್ದೇಲಿ ಬಡಬಡಿಸಿಬಿಟ್ರೆ? ಪಕ್ಕದಲ್ಲಿ ಮಲಗೋದು ಅವನ ಅಕ್ಕ” ಎಂಬ ಭಯ. ಅವರು ಮಾಡಿದ್ದು ಕಸುಬುದಾರನ ಕೆಲಸ. ಆ ಪದಗಳಿಗೆಲ್ಲ ಒಂದು ಪಟ್ಟಿಯುಂಟು, ಪಟ್ಟಿಯಲ್ಲಿ ಪ್ರತಿ ಪದಕ್ಕೂ ಒಂದು ಸಂಖ್ಯೆ. ಸಂಖ್ಯೆಯ ಅಂಕಿಗೆ ತಕ್ಕ ಆಳದಲ್ಲಿ ಕೀಲಿಯ ಹಲ್ಲುಗಳನ್ನು ಅರದಿಂದ ಕೊರೆದು, ಪದಕ್ಕೊಂದರಂತೆ ಹನ್ನೆರಡು ಹಿತ್ತಾಳೆ ಕೀಲಿ ಮಾಡಿ, ಅಂಗಡಿಯ ಹಲಗೆಯ ಕೊನೆಯ ಸಾಲಿನಲ್ಲಿ ನೇತುಹಾಕಿದ್ದರು. ನೂರಾರು ಕೀಲಿಗಳ ನಡುವೆ ಹನ್ನೆರಡು ಕೀಲಿ! ಕಳ್ಳ ಬಂದರೆ ಅವನಿಗೇ ಕಣ್ಣು ಕಟ್ಟಬೇಕು.

ಗುರುವಾರ ಬೆಳಿಗ್ಗೆ ಆ ಸಾಲಿನ ಮುಂದೆ ನಿಂತು ನೋಡಿದರೆ, ಒಂದು ಮೊಳೆ ಬೋಳಾಗಿತ್ತು.

“ಬಾಮೈದ,” ಅಂದರು ಮೆಲ್ಲಗೆ, “ಇಲ್ಲೊಂದು ಕೀಲಿ ಇತ್ತಲ್ಲ?”

“ಅನಾಥ ಕೀಲೀನಾ ಭಾವ? ಕೊಟ್ಟೆ.”

ಬೀಗದ ಅಂಗಡಿಗಳಲ್ಲಿ ಒಂದು ಪದ್ಧತಿಯಿದೆ. ಯಾರೂ ಒಯ್ಯಲು ಬಾರದ, ಚೀಟಿಯಿಲ್ಲದ ಕೀಲಿಗಳು ಅನಾಥ ಕೀಲಿಗಳು. ಕೀಲಿ ಕಳೆದುಕೊಂಡವರು ಬೀಗ ತಂದರೆ, ಹೊಸತು ಮಾಡುವ ಮುಂಚೆ ಅನಾಥಗಳನ್ನು ಒಂದೊಂದಾಗಿ ಹಾಕಿ ನೋಡುವುದು. ಲಕ್ಷಕ್ಕೊಂದು ಸಲ ಹೊಂದಿಕೊಂಡರೆ ಹಿತ್ತಾಳೆ ಉಳಿಯಿತು.

“ನಮ್ಮ ಕೈಕೆಲಸಗಾರರ ಸಂಘದ ಕಪಾಟಿನ ಕೀಲಿ ಕಳೆದಿತ್ತು ಭಾವ. ಹಾಕ್ತಾ ಬಂದೆ, ಹಾಕ್ತಾ ಬಂದೆ, ಆ ಮೊಳೇದು ಕಟಕ್ ಅಂತ ತಿರುಗಿಬಿಡ್ತು! ಹೇಳಿ ಮಾಡಿಸಿದ ಹಾಗೆ!”

“ಹೇಳಿ ಮಾಡಿಸಿದ್ದೇ ಕಣೋ,” ಅಂದ ಬೀಗದವರು ಬೆಂಚಿನ ಮೇಲೆ ಕುಸಿದರು. “ನಾನೇ ಮಾಡಿದ್ದು.”

ವಿಷಯ ತಿಳಿದ ಬಾಮೈದ ಮೊದಲು ನಕ್ಕ. ಅಕ್ಕನ ಮಷೀನು ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ಬೀಗದವರು ಫೋನು ತೆಗೆದು ತಮ್ಮ ಪಕ್ಷದವರನ್ನು ಉಪಾಯವಾಗಿ ಕೇಳಿದರು: ‘ಸುಮ್ಮನೆ ಮಾತಿಗೆ, ಒಂದು ಪದ ಕಳೆದರೆ ಯಾರನ್ನು ಕೇಳಬೇಕು?’ ಲೋಕದ ಮೂಲೆಮೂಲೆಯಿಂದ ಉತ್ತರ ಬಂತು: ‘ಯಾರನ್ನೂ ಕೇಳುವ ಹಾಗಿಲ್ಲ! ಅದೇ ಅಲ್ಲವೇ ಇದರ ಸೊಗಸು!’ ಅದು ಅವರದೇ ಮಾತು, ಹೋದ ವರ್ಷ ಅವರೇ ಬರೆದದ್ದು. ಒಬ್ಬ ಮಾತ್ರ ಪಟ್ಟಿಯ ಪದಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡು ಎಂದ. ಹಾಕುತ್ತ ಕೂತರು. ಪಟ್ಟಿಯ ಮೊದಲ ಅಕ್ಷರದ ಪದಗಳು ಮುಗಿಯುವಷ್ಟರಲ್ಲಿ ಫೋನು ಕಾದು ಕೆಂಪಾಗಿ ಕಣ್ಣು ಮುಚ್ಚಿತು. ಅದರ ಮೇಲಿದ್ದ ಟೀ ಮಾತ್ರ ಚೆನ್ನಾಗಿ ಕುದಿದಿತ್ತು.

“ಅಲ್ಲ ಸ್ವಾಮಿ, ನೀವು ಬೀಗದವರು. ಕಪಾಟಿನ ಬೀಗ ಬಿಚ್ಚಿ ಹಲ್ಲಿನ ಅಳತೆ ತೆಗೀಬಹುದಲ್ಲ?” ಎಂದು ಬಿರುಕಿಗೆ ಬಾಯಿಟ್ಟು ನಾನೇ ಕೇಳಿದೆ.

“ಯಜಮಾನ ಕರೀದೆ ಬೀಗ ಮುಟ್ಟಬಾರದು. ಕಸುಬು ಕಲಿಸಿದವರು ತಲೆ ಮೇಲೆ ಕೈ ಇಡಿಸಿ ಹೇಳಿಸಿದ್ದಾರೆ.”

“ಹಾಗಾದ್ರೆ ಯಜಮಾನರನ್ನ ಕೇಳಿ.”

“ಯಾರು ಯಜಮಾನರು?”

“ಸಂಘದಲ್ಲಿ ಎಲ್ಲಾರೂ,” ಎಂದ ಬಾಮೈದ. “ಕಪಾಟಿನ ಕೀಲಿ ಬೇಕಾದ್ರೆ ಸಭೇಲಿ ಠರಾವು ಆಗಬೇಕು ಭಾವ. ಅದೂ ಸದಸ್ಯರಿಗೆ ಮಾತ್ರ. ಹೋದ ಸಲ ಯಾರೋ ಕೀಲಿ ಒಯ್ದು ಟೀ ಲೋಟ ಮಾಯ ಮಾಡಿದ್ರು.”

ಶನಿವಾರ ಸಂಜೆ ಸಭೆ. ಸೈಕಲ್ ಅಂಗಡಿಯ ಮಹಡಿಯಲ್ಲಿ ನಮ್ಮ ಸಂಘದ ಕಚೇರಿ. ದರ್ಜಿಗಳು, ಚಪ್ಪಲಿ ಹೊಲಿಯುವವರು, ಛತ್ರಿ ರಿಪೇರಿಯವರು, ನಾನು, ಎಲ್ಲರೂ ಮಡಚುವ ಕುರ್ಚಿಗಳ ಮೇಲೆ. ಅಧ್ಯಕ್ಷೆ ಹಾಸಿಗೆ ಹೊಲಿಯುವ ಹೆಂಗಸು. ಉದ್ದನೆಯ ಸೂಜಿಯೊಂದನ್ನು ಸದಾ ಜಡೆಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ. ಸಭೆಯಲ್ಲಿ ಯಾರೂ ಹೆಚ್ಚು ಗಲಾಟೆ ಮಾಡುವುದಿಲ್ಲ. ಬೀಗದವರು ಬಾಗಿಲಲ್ಲಿ ಸದಸ್ಯತ್ವದ ರಸೀದಿ ಹರಿಸಿಕೊಂಡು, ಅದನ್ನು ಬಿಸಿ ಕೆಂಡದ ಹಾಗೆ ಎರಡು ಬೆರಳಲ್ಲಿ ಹಿಡಿದು ಒಳಗೆ ಬಂದರು. ಹಿಂದೆಯೇ ಅಕ್ಕ ಬಂದು ಬಾಗಿಲ ಹತ್ತಿರ ನಿಂತರು.

“ಏನು ನಿಮ್ಮ ಬೇಡಿಕೆ?” ಎಂದರು ಅಧ್ಯಕ್ಷೆ.

“ಬೇಡಿಕೆ ಅಲ್ಲ ತಾಯಿ, ಕೋರಿಕೆ. ನಿಮ್ಮ ಕಪಾಟಿನ ಕೀಲಿ ಒಂದು ನಿಮಿಷ ನೋಡಬೇಕಿತ್ತು.”

ದರ್ಜಿ ಎದ್ದ. “ಆಕ್ಷೇಪ! ಇವರು ಫೋನಲ್ಲಿ ಸಂಘಗಳನ್ನೆಲ್ಲ ತುಕ್ಕು ಹಿಡಿದ ಬೀಗ ಅಂದಿದ್ದಾರೆ.”

“ಎಣ್ಣೆ ಹಾಕಿದ್ರೆ ತಿರುಗುತ್ತೆ ಅಂತಾನೂ ಅಂದಿದ್ದೆ. ಅದನ್ನ ಯಾರೂ ಓದಲ್ಲ.”

“ಕಾರ್ಮಿಕರ ಕೀಲಿಯಿಂದ ಇವರ ಖಾಸಗಿ ತಿಜೋರಿ ತೆಗೀಬೇಕಾ? ಇದು ಯಾವ ನ್ಯಾಯ?” ಎಂದಿತು ಛತ್ರಿಯ ಕಡೆಯ ದನಿ.

ಸಭೆ ಗುಜುಗುಜು ಎಂದಿತು. ಬೀಗದವರು ರಸೀದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಹೋಗುವವರಂತೆ ಕಂಡರು. ಆಗ ಬಾಮೈದ ಎದ್ದು ನಿಂತ.

“ಅಧ್ಯಕ್ಷರೇ, ಆ ಕೀಲಿ ನಮ್ಮ ಭಾವನ ಸ್ವಂತ ಬೆವರು. ಅವರು ಕೊರೆದದ್ದು, ಅವರದ್ದು. ಒಬ್ಬರ ವಸ್ತು ಕೇಳದೆ ತಗೊಂಡು ಇನ್ನೊಬ್ಬರಿಗೆ ಕೊಡೋ ಹಕ್ಕು ನನಗೂ ಇರಲಿಲ್ಲ, ಯಾವ ಸಂಘಕ್ಕೂ ಇಲ್ಲ!”

ಸಭೆ ಬಾಯಿ ಬಿಟ್ಟುಕೊಂಡು ನೋಡಿತು. ‘ಸರ್ವರ ಸ್ವತ್ತು’ ಸ್ವಂತ ಸ್ವತ್ತಿನ ಪರ ಮಾತಾಡುತ್ತಿದ್ದ! ಅದನ್ನು ಕೇಳಿ ಬೀಗದವರಿಗೆ ತಡೆಯಲಾಗಲಿಲ್ಲ.

“ಏನೋ ಮಾತಾಡ್ತೀಯ? ಹಲಗೆ ಮೇಲೆ ನೇತುಹಾಕಿದ ಮೇಲೆ ಅದು ಅಂಗಡಿಯದ್ದು. ಅಂಗಡಿ ನಮ್ಮಿಬ್ಬರದ್ದು. ಅನಾಥ ಕೀಲಿ ಊರಿಗೆಲ್ಲ ಸೇರಿದ್ದು ಅನ್ನೋದು ನಮ್ಮ ಕಸುಬಿನ ಪದ್ಧತಿ. ನೀನು ಮಾಡಿದ್ದೇ ಸರಿ!”

“ತಪ್ಪು ಭಾವ! ಸ್ವಂತದ್ದು ಅಂದ್ರೆ ಸ್ವಂತದ್ದು!”

“ಎಲ್ಲರದ್ದು ಅಂದ್ರೆ ಎಲ್ಲರದ್ದು ಕಣೋ!”

“ನಿಮ್ಮ ಹಕ್ಕು ನೀವು ಬಿಟ್ಟುಕೊಡೋಕೆ ನಾನು ಬಿಡಲ್ಲ!”

“ನಿನ್ನ ತಪ್ಪು ನೀನು ಒಪ್ಪಿಕೊಳ್ಳೋಕೆ ನಾನು ಬಿಡಲ್ಲ!”

ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದವರು ಈಗ ಮೂಗಿಗೆ ಮೂಗು ತಾಗಿಸಿ ನಿಂತಿದ್ದರು. ಚಪ್ಪಲಿ ಹೊಲಿಯುವವನು ಇದನ್ನೆಲ್ಲ ಫೋನಿನಲ್ಲಿ ನೇರಪ್ರಸಾರ ಮಾಡಿಬಿಟ್ಟ. ಎರಡೂ ಪಕ್ಷದ ಲೋಕವ್ಯಾಪಿ ಹಿಂಬಾಲಕರು ಯಾರಿಗೆ ಜೈ ಅನ್ನುವುದೋ ತಿಳಿಯದೆ ಆ ಸಂಜೆಯೇ ಪಕ್ಷ ಬದಲಿಸಿಕೊಂಡರಂತೆ. ಅವಸರದಲ್ಲಿ ಕೆಲವರು ತಿರುಗಿ ತಮ್ಮ ಪಕ್ಷಕ್ಕೇ ಬಂದು ಸೇರಿದರಂತೆ.

ಅಧ್ಯಕ್ಷೆ ಜಡೆಯಿಂದ ಸೂಜಿ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರೂ ಕೂತರು.

“ಕೀಲಿ ಯಾರದ್ದು ಅಂತ ನಾವು ತೀರ್ಮಾನ ಮಾಡಲ್ಲ. ಸದಸ್ಯರೊಬ್ಬರು ಕೀಲಿ ನೋಡಬೇಕು ಅಂತಾರೆ. ಒಪ್ಪಿಗೆ ಇದ್ದವರು ಕೈ ಎತ್ತಿ.”

ದರ್ಜಿಯ ಕೈಯೂ ಎದ್ದಿತು. ಬೀಗದವರು ಕೀಲಿ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಹಲ್ಲುಗಳ ಮೇಲೆ ಒಮ್ಮೆ ಎಳೆದರು. ಅಷ್ಟೇ. ಮುಖವರಳಿತು. ಕೀಲಿಯನ್ನು ಅಧ್ಯಕ್ಷೆಗೆ ವಾಪಸ್ ಕೊಟ್ಟು, ಬಾಮೈದನ ಫೋನನ್ನು ಈಸಿಕೊಂಡು, ಮೂಲೆಗೆ ಹೋಗಿ, ಜೇಬಿನಲ್ಲಿ ತಂದಿದ್ದ ಉಳಿದ ಹನ್ನೊಂದು ಕೀಲಿಗಳನ್ನೂ ತಡವಿ, ಪಟ್ಟಿ ನೋಡಿ ಪದಗಳನ್ನು ಹಾಕಿದರು. ನಾಣ್ಯ ಎದ್ದು ಕೂತಿತು.

“ಸಿಕ್ತಾ?” ಅಂದರು ಅಕ್ಕ.

“ಸಿಕ್ತು ಕಣೇ, ಸಿಕ್ತು!” ಬೀಗದವರು ಪರದೆಯನ್ನೇ ನೋಡುತ್ತ ಇದ್ದಕ್ಕಿದ್ದಂತೆ ದನಿ ತಗ್ಗಿಸಿದರು. “ಅಲ್ಲಾ... ಸಂಜೆಯಿಂದ ಏರ್ತಾ ಇದೆ. ನಾಳೆ ಇನ್ನೊಂಚೂರು...”

ಅಕ್ಕ ನೇರ ಖಜಾಂಚಿಯ ಮೇಜಿಗೆ ಹೋದರು.

“ನನಗೂ ಒಂದು ರಸೀದಿ ಹರೀರಿ. ಬೀಗಕ್ಕೆ ಎಣ್ಣೆ ಹಾಕೋದು ನಾನೇ, ಕೈಕೆಲಸ ಆಯ್ತಲ್ಲ?” ರಸೀದಿ ಕೈಗೆ ಬಂದದ್ದೇ ಸಭೆಯತ್ತ ತಿರುಗಿದರು. “ನನ್ನದೊಂದು ಠರಾವು. ಈ ಸಂಘದ ಸದಸ್ಯರಾದ ಬೀಗದವರು ತಮ್ಮ ನಾಣ್ಯವನ್ನ ಈಗಲೇ, ಇಲ್ಲೇ, ನಮ್ಮೆಲ್ಲರ ಎದುರು ಮಾರಬೇಕು.”

“ಅನುಮೋದನೆ!” ಎಂದು ಬಾಮೈದ ಕುರ್ಚಿಯ ಮೇಲೆ ಹತ್ತಿ ನಿಂತ.

“ಇದು ಅನ್ಯಾಯ! ನನ್ನ ಖಾಸಗಿ ವಿಷಯ!” ಎಂದರು ಬೀಗದವರು.

“ರಸೀದಿ ಹಿಂದೆ ಓದಿ,” ಎಂದರು ಅಧ್ಯಕ್ಷೆ. “ಬಹುಮತಕ್ಕೆ ಬದ್ಧ ಅಂತ ಇದೆ.”

ಪರವಾಗಿ ಇಡೀ ಮಹಡಿ ಕೈ ಎತ್ತಿತು. ಏನು ಗಲಾಟೆ ಎಂದು ನೋಡಲು ಬಂದ ಸೈಕಲ್ ಅಂಗಡಿಯವನೂ ಎತ್ತಿದ. ವಿರುದ್ಧವಾಗಿ ಒಂದೇ ಕೈ. ಅದೂ ಅಕ್ಕನನ್ನು ನೋಡಿ ಅರ್ಧಕ್ಕೇ ನಿಂತು, ತಲೆ ತುರಿಸಿಕೊಂಡು ಕೆಳಗಿಳಿಯಿತು. ಬೀಗದವರು ಕಣ್ಣು ಮುಚ್ಚಿ ಬೆರಳು ಮುಂದೆ ಮಾಡಿದರು.

“ಕಣ್ಣು ಬಿಟ್ಟು ಒತ್ತಿ. ಬೇರೆ ಏನಾದ್ರೂ ಕೊಂಡುಬಿಟ್ಟೀರಿ,” ಅಂದರು ಅಕ್ಕ.

ಒತ್ತಿದರು. ಭಾನುವಾರ ಬೆಳಿಗ್ಗೆ ಕೈಗಾಡಿಯಲ್ಲಿ ಮಷೀನು ಬಂತು. ಗಂಡ ಹೆಂಡತಿ ಒಂದು ಕಡೆ, ಬಾಮೈದ ಇನ್ನೊಂದು ಕಡೆ ಹಿಡಿದು ಇಳಿಸಿದರು. ಈಗ ಅದು ಎಂಥ ಕೀಲಿ ಕೊರೆಯುತ್ತದೆಂದರೆ, ಬಾಗಿಲ ಹತ್ತಿರ ಒಯ್ದರೆ ಸಾಕು, ಬೀಗವೇ ಬಾಯಿ ತೆರೆಯುತ್ತದೆ.

ಆದರೆ ಆ ಶನಿವಾರ ಮಹಡಿ ಇಳಿಯುವ ಮುಂಚೆ ಬೀಗದವರು ಅಧ್ಯಕ್ಷೆಯ ಮುಂದೆ ನಿಂತು ಕೇಳಿದ್ದರು: “ಸಂಘಕ್ಕೆ ರಾಜೀನಾಮೆ ಕೊಡೋದು ಹೇಗೆ ತಾಯಿ?”

“ಅದಕ್ಕೂ ಠರಾವು ಬೇಕು. ಮುಂದಿನ ಸಭೆಗೆ ಬನ್ನಿ.”

ಅಂದಿನಿಂದ ಅವರು ಒಂದು ಸಭೆಯನ್ನೂ ತಪ್ಪಿಸಿಲ್ಲ. ಪ್ರತಿ ಸಲ ಎದ್ದು ನಿಂತು, ಮನುಷ್ಯನಿಗೆ ಸಂಘ ಯಾಕೆ ಬೇಡ ಎಂದು ಎಷ್ಟು ಸೊಗಸಾಗಿ ಮಾತಾಡುತ್ತಾರೆಂದರೆ, ಬೇರೆ ಬೀದಿಯವರೂ ಕೇಳಲು ಬಂದು ಸದಸ್ಯರಾಗುತ್ತಿದ್ದಾರೆ. ಇಂಥವರನ್ನು ಬಿಟ್ಟುಕೊಡಬಾರದೆಂದು ಹೋದ ಸಲ ಅವರನ್ನೇ ಉಪಾಧ್ಯಕ್ಷರನ್ನಾಗಿ ಆರಿಸಿದೆವು. ವಿರುದ್ಧ ಒಂದು ಕೈ ಎದ್ದಿತ್ತು. ಆವತ್ತು ಅದು ಅರ್ಧಕ್ಕೆ ನಿಲ್ಲದೆ ಪೂರ್ತಿ ಎದ್ದಿತ್ತು.